ಬಿಡುಗಡೆ ತಕಂಡೋಳು

"ಎಣ ಮುಂದ್ಗಡೆ ಕೂರುಸ್ಬುಟ್ಟು ಉಳ ಆಯ್ತಾ ಕೂತಿದ್ದೀರಲ್ಲಮ್ಮಾ?"

ಬಾಗಿಲ ಬಳಿ ನಿಂತು ಪುಟ್ಟಬಸಪ್ಪ ಕೇಳಿದಾಗ ಮಹಾಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಸೊಪ್ಪು ಬಿಟ್ಟು ತಲೆ ಆಡಿಸುತ್ತಿದ್ದ ರೇಷ್ಮೆಹುಳುಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹಿಡಿದು ಮೊರಕ್ಕೆ ಹಾಕಿಕೊಳ್ಳುತ್ತಿದ್ದಳು. ಹಣ್ಣಾದ ಹುಳ ಇನ್ನು ತಿನ್ನುವುದಿಲ್ಲ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹೊತ್ತಿಗೆ ಸರಿಯಾಗಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ.

"ಇವು ಕಾಯಾಕಿಲ್ಲ ಕಣಪ್ಪ" ಅಂದಳು. "ನಾಳೆ ಅಣ್ಣಾಯ್ತವೆ ಅಕ್ಕ, ಬೆಳಗ್ಗೇನೆ ಏಳ್ಬೇಕು ಅಂತ ನಿಮ್ ತಂಗಿ ನೆನ್ನೆ ಸಂದೇಲೆ ಅಂದಿದ್ಲು."

ಅಂದಂತೆಯೇ, ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶಿವರತ್ನಮ್ಮ ಬೆಳಗ್ಗೆ ಎದ್ದಿದ್ದಳು. ತಟ್ಟೆಗಳ ನಡುವೆ ಓಡಾಡುತ್ತಿದ್ದವಳು, "ಯಾಕೋ ಬೆನ್ನು ಇಡ್ಕತಾ ಅದೆ ಅಕ್ಕ, ಒಸಿ ನೀರು ಕೊಡು" ಎಂದು ಕಂಬಕ್ಕೆ ಒರಗಿ ಕೂತಳು. ಮಹಾಲಕ್ಷ್ಮಮ್ಮ ಚೊಂಬು ತರುವಷ್ಟರಲ್ಲಿ ತಲೆ ಒಂದು ಕಡೆಗೆ ವಾಲಿತ್ತು. ಐವತ್ತೆಂಟು ವಯಸ್ಸು. ಒಂದು ದಿನ ಜ್ವರ ಅಂತ ಮಲಗಿದವಳಲ್ಲ.

ಈಗ ಅವಳನ್ನು ಮುಂದಿನ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು ಕೂರಿಸಿದ್ದರು. ಅಣ್ಣ ಪುಟ್ಟಬಸಪ್ಪ ಕುಂತೂರಿನಿಂದ ಹೆಂಡತಿಯನ್ನೂ ನಾಲ್ಕಾರು ನೆಂಟರನ್ನೂ ಟೆಂಪೋದಲ್ಲಿ ಕರೆತಂದಿದ್ದ. ಕೊಳ್ಳೇಗಾಲದಿಂದ ಮಗಳು ಮಾಲಿನಿ ಬಂದಿದ್ದಳು. ತಾಯಿಯ ಕಾಲ ಬಳಿ ಕೂತವಳು ಅಳುವುದನ್ನೂ ಮರೆತು ನೆಲ ನೋಡುತ್ತಿದ್ದಳು.

"ಉಳ ಓದ್ರೆ ಒಂದ್ ಬೆಳೆ ಓಯ್ತದೆ ಬುಡಿ" ಅಂದ ಪುಟ್ಟಬಸಪ್ಪ. ಅತ್ತು ಅವನ ದನಿ ಒಡೆದಿತ್ತು. "ಮೈ ತೊಳೆಯಾಕೆ ಎಂಗುಸ್ರು ಕಾಯ್ತಾವ್ರೆ. ಭಾವನೂ ಯಳಂದೂರು ಬುಟ್ಟವ್ನೆ."

"ಯಾವ ಭಾವ?"

"ಇನ್ಯಾವ ಭಾವ? ಗುರುಪಾದಸ್ವಾಮಿ. ನಾನೇ ಪೋನ್ ಮಾಡ್ದೆ. ಗಂಡ ಬದುಕಿರುವಾಗ ಓಗವ್ಳೆ, ಮುತ್ತೈದೆ ಸಾವು. ಗಂಡನ ಮನೆ ಸೀರೆ ಉಡ್ಸಿ, ಅವನ ಕೈಲೇ ತಾಳಿ ಕಟ್ಸಿ, ಕುಂಕುಮ ಇಡ್ಸಿ ಕಳಿಸ್ಬೇಕು. ಬದುಕಿದ್ದಾಗ ಏನೇನೋ ಆಗೋಯ್ತು. ಸತ್ತಾಗಲಾದ್ರೂ ಮರ್ಯಾದೆಯಾಗಿ ಓಗ್ಲಿ."

ಮಹಾಲಕ್ಷ್ಮಮ್ಮನ ಕೈ ನಿಂತಿತು. ಮೊರದಿಂದ ಒಂದು ಹುಳ ಮಣಿಕಟ್ಟಿಗೆ ಹತ್ತಿ ಮೇಲೆ ಸರಿಯತೊಡಗಿತು. ಅವಳು ಅದನ್ನು ತೆಗೆಯಲಿಲ್ಲ.

* * *

ಶಿವರತ್ನಮ್ಮ ಹದಿನೆಂಟಕ್ಕೆ ಯಳಂದೂರಿನ ಅಕ್ಕಿ ಮಿಲ್ಲಿನವರ ಮನೆಗೆ ಸೊಸೆಯಾಗಿ ಹೋದವಳು. ಅತ್ತೆ ಮಾವನನ್ನು ಸಾಕಿ ಕಳಿಸಿದಳು, ಮಗಳನ್ನು ಹೆತ್ತಳು, ಅವಳಿಗೆ ಕೊಳ್ಳೇಗಾಲದ ಜವಳಿ ಅಂಗಡಿಯವರ ಮನೆಯಲ್ಲಿ ಗಂಡು ನೋಡಿ ಮದುವೆ ಮಾಡಿದಳು. ಆ ಮದುವೆಯ ಚಪ್ಪರ ಬಿಚ್ಚಿದ ವರ್ಷವೇ, ಎಂಬತ್ತಾರರಲ್ಲಿ, ಗುರುಪಾದಸ್ವಾಮಿ ಇನ್ನೊಬ್ಬಳನ್ನು ಮನೆಗೆ ಕರೆತಂದ. ಜಗಳ ಇಲ್ಲ, ಗಲಾಟೆ ಇಲ್ಲ. "ಇವಳೂ ಇರ್ತಾಳೆ" ಅಂದ, ಅಷ್ಟೆ.

ಹಿರಿಯರು ಸೇರಿ ನ್ಯಾಯ ಹೇಳಿದರು. ಬೀರುವಿನ ಕೀಲಿಕೈ ಹಿರಿಯವಳ ಹತ್ತಿರವೇ ಇರಬೇಕು. ಒಲೆ ಅವಳದೇ. ಗುರುಪಾದಸ್ವಾಮಿ ಎಲ್ಲದಕ್ಕೂ ಹೂಂಗುಟ್ಟಿದ. ಶಿವರತ್ನಮ್ಮ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಮಳೆಗಾಲವೆಲ್ಲ ಇಬ್ಬರಿಗೂ ಬಡಿಸಿದಳು.

ಒಂದು ಮಧ್ಯಾಹ್ನ ಗುರುಪಾದಸ್ವಾಮಿ ಎಲೆ ಮುಂದೆ ಕೂತವನು, "ರತ್ನ, ಅವಳಿಗೆ ಮೊದ್ಲು ಬಡ್ಸು. ಹಸ್ಕಂಡವ್ಳೆ" ಅಂದ.

ಶಿವರತ್ನಮ್ಮ ಬಡಿಸಿದಳು. ಸಾರು ಬಡಿಸಿದಳು, ತುಪ್ಪ ಬಡಿಸಿದಳು. ಕೈ ತೊಳೆದು, ಕೀಲಿಕೈ ಗೊಂಚಲನ್ನು ಒರಳುಕಲ್ಲಿನ ಮೇಲಿಟ್ಟು, ಮೂರು ಗಂಟೆಯ ಬಸ್ಸಿಗೆ ಕುಂತೂರಿಗೆ ಹೋದಳು.

"ಅವ್ನು ಒಡೆದು ಬಡ್ದು ಮಾಡಿದ್ರೆ ಇರ್ತಿದ್ನೇನೋ ಅಕ್ಕ" ಎಂದು ಮುಂದೊಂದು ದಿನ ಮಹಾಲಕ್ಷ್ಮಮ್ಮನಿಗೆ ಹೇಳಿದ್ದಳು. "ಮಾಲಿನಿ ಒಟ್ಟೇಲಿದ್ದಾಗ ನನ್ನ ಅಂಗೇ ಮಾತಾಡಿಸ್ತಿದ್ದ. ಅದೇ ದನಿ. ಆ ದನೀನ ಇನ್ನೊಬ್ಬಳಿಗೆ ಆಡೋದು ಕೇಳ್ಕಂಡು ಇರಾಕಾಗ್ನಿಲ್ಲ."

ಕುಂತೂರಿನಲ್ಲಿ ಪುಟ್ಟಬಸಪ್ಪ ಮೊದಲು ಸಿಟ್ಟು ಮಾಡಿಕೊಂಡ, ಆಮೇಲೆ ಕೈಮುಗಿದ. "ಒಂದ್ ಮೂಲೇಲಿ ಬಿದ್ದಿರವ್ವ. ನಿಂಗೇನ್ ಕಮ್ಮಿ ಮಾಡವ್ನೆ? ಕೋರ್ಟು ಗೀರ್ಟು ಅಂದ್ರೆ ಮಾಲಿನಿ ಅತ್ತೆಮನೇಲಿ ತಲೆ ಎತ್ತಂಗಿಲ್ಲ."

"ಗಂಡ ಬಿಟ್ಟೋಳು ಅನ್ನುಸ್ಕಂಡು ನಿನ್ ಮನೇಲಿ ಕೂರಾಕಿಲ್ಲ ಅಣ್ಣ. ಬಿಡುಗಡೆ ತಕಂಡೋಳು ಅನ್ನುಸ್ಕತೀನಿ" ಅಂದಳು ಅವಳು.

ಆ ಮಾತು ಇಡೀ ಸೀಮೆ ಸುತ್ತಿತು. ಕೊಳ್ಳೇಗಾಲದ ಕೋರ್ಟಿಗೆ ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಲ್ಲೇ ಎರಡು ಬೀದಿ ಆಚೆ ಮಗಳ ಮನೆ. ಹೋಗುವಂತಿರಲಿಲ್ಲ. ತೀರ್ಪಾದ ದಿನ ಕೋರ್ಟಿನ ಜಗಲಿಯಲ್ಲೇ ತಾಳಿ ಬಿಚ್ಚಿ ಗುರುಪಾದಸ್ವಾಮಿಯ ಕೈಗೆ ಕೊಟ್ಟಳು. ಅವನು ಏನು ಮಾಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ.

* * *

"ನೀನೇನಂತೀಯವ್ವ ಮಾಲಿನಿ?" ಮಹಾಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದು ಕೇಳಿದಳು.

ಮಾಲಿನಿ ತಲೆ ಎತ್ತಿದಳು. ಅವಳಿಗೂ ಮೂವತ್ತಾರು ದಾಟಿತ್ತು, ಕಿವಿಯ ಮೇಲೆ ಒಂದೆರಡು ಕೂದಲು ಬೆಳ್ಳಗಾಗಿದ್ದವು. "ನಮ್ಮ ಅತ್ತೆಯವರು ಬರ್ತಾರೆ ದೊಡ್ಡಮ್ಮ. ಇಷ್ಟು ವರ್ಷ ಅವರ ಬಾಯಲ್ಲಿ ಅಮ್ಮನ ವಿಷಯ ಕೇಳಿ ಸಾಕಾಗಿದೆ. ಮುತ್ತೈದೆ ತರ ಕಳಿಸಿದ್ರೆ ಆ ಮಾತಾದ್ರೂ ನಿಲ್ತದೆ."

ಮಹಾಲಕ್ಷ್ಮಮ್ಮ ಜಾತಿಯವಳಲ್ಲ, ನೆಂಟಳಲ್ಲ. ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ. ಅದರಲ್ಲೂ ಗಂಡ ಸತ್ತವಳು. ಕುಂಕುಮದ ಮಾತು ಬಂದಾಗ ಅವಳು ಬಾಯಿ ಹಾಕುವಂತಿರಲಿಲ್ಲ. ಸತ್ತವಳ ಮುಖ ಒಮ್ಮೆ ನೋಡಿ, ಹಿಂದಿರುಗಿ ಹುಳದ ಮನೆಗೆ ಹೋದಳು.

ಅಲ್ಲಿ ಹೂಗ್ಯ ಊರಿನ ಮಾದಸ್ವಾಮಿಯೂ ಅವನ ಹೆಂಡತಿಯೂ ಆಗಲೇ ಬಂದು ತಟ್ಟೆಯ ಮುಂದೆ ಕೂತಿದ್ದರು. ಸುದ್ದಿ ತಿಳಿದು ಬಂದವರು, ಹೆಣ ನೋಡಿ, ನೇರ ಒಳಗೆ ಬಂದಿದ್ದರು. ಇಬ್ಬರೂ ಹುಳ ಸಾಕುವುದನ್ನು ಕಲಿತದ್ದು ಶಿವರತ್ನಮ್ಮನ ಹತ್ತಿರ. ಮಾದಸ್ವಾಮಿ ಬಿಕ್ಕುತ್ತಲೇ ಹುಳ ಆಯುತ್ತಿದ್ದ.

"ನೀವು ಅಲ್ಲಿರೋಗಿ ಅಮ್ಮೋ" ಅಂದ. "ಇದ ನಾವ್ ನೋಡ್ಕತೀವಿ."

"ಅಲ್ಲಿ ನಂದೇನದೆ ಮಾದಸ್ವಾಮಿ?" ಎಂದು ಮಹಾಲಕ್ಷ್ಮಮ್ಮ ಅವರ ಜೊತೆ ಕೂತಳು.

* * *

ಎಂಬತ್ತೊಂಬತ್ತರಲ್ಲಿ ಹನೂರಿನಲ್ಲಿ ಹೆಂಗಸರಿಗೆ ರೇಷ್ಮೆಹುಳು ಸಾಕುವ ತರಬೇತಿ ಕೊಡುತ್ತಾರೆ ಎಂದು ಕೇಳಿ ಶಿವರತ್ನಮ್ಮ ಒಂದು ಟ್ರಂಕು ಹಿಡಿದು ಬಂದಿಳಿದಿದ್ದಳು. ಮಹಾಲಕ್ಷ್ಮಮ್ಮನ ಮನೆ ಕೊಳ್ಳೇಗಾಲದ ರಸ್ತೆಗೆ ಮುಖ ಮಾಡಿ ಇತ್ತು. ಹಿಂದೆ ಒಂದಿಷ್ಟು ಹಿಪ್ಪುನೇರಳೆ ಕಡ್ಡಿ, ಒಂದು ಖಾಲಿ ಕೋಣೆ. "ಗಂಡ ಏನ್ ಮಾಡ್ತಾನೆ?" ಎಂದು ಕೇಳಿದ್ದಕ್ಕೆ, "ಕೋರ್ಟಲ್ಲಿ ಬಿಡುಗಡೆ ಆಗೋಯ್ತು" ಅಂದಳು ಬಂದವಳು. ಕೋಣೆ ಕೊಡಬೇಕೋ ಬೇಡವೋ ಎಂದು ಮಹಾಲಕ್ಷ್ಮಮ್ಮ ಯೋಚಿಸುತ್ತಿರುವಾಗಲೇ ಅವಳು ಪೊರಕೆ ಎಲ್ಲಿದೆ ಎಂದು ಕೇಳಿದ್ದಳು.

ಹಗಲು ತರಬೇತಿಗೆ ಹೋಗುತ್ತಿದ್ದಳು. ಸಂಜೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮಹಾಲಕ್ಷ್ಮಮ್ಮ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಹೋಗಿ, "ಏಳವ್ವ, ಉಣ್ಣು" ಅಂದರೆ, "ಆಮೇಲೆ" ಅನ್ನುತ್ತಿದ್ದಳು. ಬೆಳಗ್ಗೆ ಮುದ್ದೆ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಒಂದು ಸಂಜೆ ಕೋಣೆಯೊಳಗಿಂದ ಮಾತು ಕೇಳಿ, ಯಾರು ಬಂದರೆಂದು ಮಹಾಲಕ್ಷ್ಮಮ್ಮ ಇಣುಕಿದಳು. ಯಾರೂ ಇರಲಿಲ್ಲ. ಒಲೆಯ ಮುಂದೆ ಕೂತ ಶಿವರತ್ನಮ್ಮ ಹಿಂದಕ್ಕೆ ತಿರುಗದೆ, "ಇವತ್ತು ಅವರೆಕಾಳ್ದು ಉಪ್ಸಾರು ಮಾಡ್ಲಾ?" ಎಂದು ಕೇಳುತ್ತಿದ್ದಳು. ಕೇಳಿ, ಉತ್ತರಕ್ಕೆ ಕಾದು, ತಾನು ಕೇಳಿದ್ದು ಯಾರನ್ನು ಎಂದು ಹೊಳೆದು, ಹಾಗೇ ಕೂತುಬಿಟ್ಟಳು.

ಮೊದಲ ಬೆಳೆ ಕೈ ಹತ್ತಲಿಲ್ಲ. ಇನ್ನೇನು ಹಣ್ಣಾಗಬೇಕು ಅನ್ನುವಾಗ ಹುಳಗಳು ಮೈ ಸಡಿಲಿಸಿ, ಕಪ್ಪಾಗಿ, ತಟ್ಟೆ ತಟ್ಟೆಯೇ ನಾರತೊಡಗಿತು. ಇಬ್ಬರೂ ಗುಂಡಿ ತೋಡಿ, ಸುಣ್ಣ ಚೆಲ್ಲಿ ಮುಚ್ಚಿದರು. ಕೋರ್ಟಿನಲ್ಲಿ ಅಳದಿದ್ದವಳು, ತಾಳಿ ಬಿಚ್ಚುವಾಗ ಅಳದಿದ್ದವಳು, ಆ ಗುಂಡಿಯ ದಡದಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು. ಬೀದಿಯ ಜನ ಬಂದು ನೋಡಿ, ಹುಳಕ್ಕೆ ಹೀಗೂ ಅಳುತ್ತಾರೆಯೇ ಎಂದು ಹೋದರು. ಮಹಾಲಕ್ಷ್ಮಮ್ಮ ಪಕ್ಕದಲ್ಲಿ ಕೂತಿದ್ದಳು. ಗುಂಡಿಯಲ್ಲಿ ಏನೇನು ಹೋಯಿತು ಎಂದು ಅವಳಿಗೆ ಅರ್ಥವಾಗಿತ್ತು.

ಇನ್ನು ಟ್ರಂಕು ಕಟ್ಟುತ್ತಾಳೆ ಅಂದುಕೊಂಡಿದ್ದರೆ, ಬೆಳಗ್ಗೆ ಬಾವಿಯ ಹತ್ತಿರ ಉಜ್ಜುವ ಸದ್ದು. ಶಿವರತ್ನಮ್ಮ ಸೀರೆ ಎತ್ತಿ ಕಟ್ಟಿ, ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು.

"ಇನ್ನೊಂದ್ ಸಲ ಮೊಟ್ಟೆ ತತ್ತೀನಿ ಅಕ್ಕ. ಮಳೇಲಿ ನೆಂದ ಸೊಪ್ಪು ಆಕ್ಬುಟ್ಟೆ, ತಪ್ಪು ನಂದೇಯ."

"ಅದೂ ಓದ್ರೆ?"

"ಇನ್ನೊಂದ್ ಸಲ."

ಎರಡನೆಯದು ಅರ್ಧ ಉಳಿಯಿತು. ಮೂರನೆಯದು ಗೂಡಾಯಿತು. ಗೂಡಿನ ಮೂಟೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋದಳು. ಹೋದವಳು ಬಸ್ಸಿಳಿದು ಮಗಳ ಬೀದಿಯ ತುದಿಯವರೆಗೂ ನಡೆದು, ಅಲ್ಲಿಂದಲೇ ಹಿಂದಿರುಗಿದಳು.

ಹುಳ ಗೆದ್ದರೂ ಬೀದಿ ಗೆಲ್ಲಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅವಳನ್ನು ಕರೆಯುತ್ತಿರಲಿಲ್ಲ. ಹಾಗೆಂದು ಮಹಾಲಕ್ಷ್ಮಮ್ಮನ ಜೊತೆ ಹಿಂದಿನ ಸಾಲಲ್ಲಿ ಕೂರಿಸುವಂತೆಯೂ ಇರಲಿಲ್ಲ, ಅವಳ ಗಂಡ ಬದುಕಿದ್ದ. ಅವಳಿಗೆ ಎಲ್ಲೂ ಸಾಲಿರಲಿಲ್ಲ. ಹಿತ್ತಿಲಲ್ಲಿ ಕನಕಾಂಬರ ಬೆಳೆಸಿ ದಿನವೂ ಮುಡಿಯುತ್ತಿದ್ದಳು. "ಯಾರ್ಗೋಸ್ಕರ ಮುಡೀತೀಯವ್ವ?" ಎಂದು ಪಕ್ಕದ ಮನೆಯವಳು ಕೇಳಿದಾಗ, "ಗಿಡ ಊ ಬುಟ್ಟದೆ, ಮುಡೀತೀನಿ" ಅಂದಿದ್ದಳು. ಆದರೆ ಹಬ್ಬದ ಸಂಜೆ ಬೀದಿಯಲ್ಲಿ ಆರತಿಯ ಹಾಡು ಶುರುವಾದರೆ ಸಾಕು, ಹುಳದ ಮನೆಯಲ್ಲಿ ಅವಳಿಗೆ ಯಾವುದಾದರೂ ಕೆಲಸ ನೆನಪಾಗುತ್ತಿತ್ತು.

* * *

ಮಧ್ಯಾಹ್ನ ಕಾರು ಬಂತು. ಗುರುಪಾದಸ್ವಾಮಿ ಇಳಿದ. ಒಂದು ಕಾಲಕ್ಕೆ ಮಿಲ್ಲಿನ ಮುಂದೆ ನಿಂತರೆ ಎದ್ದು ಕಾಣುತ್ತಿದ್ದ ಆಳು. ಈಗ ಶರಟು ಮೈಮೇಲೆ ನೇತು ಹಾಕಿದ ಹಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹಸಿರು ಸೀರೆ. ಹೊಸ್ತಿಲ ಆಚೆಯೇ ನಿಂತು ಗೋಡೆಗೊರಗಿದ್ದವಳನ್ನು ನೋಡಿದ. ಒಳಗೆ ಬಾ ಎಂದು ಯಾರಾದರೂ ಹೇಳಲಿ ಎಂದು ಕಾಯುವವನಂತೆ ಇದ್ದ.

"ಬಾ ಭಾವ" ಅಂದ ಪುಟ್ಟಬಸಪ್ಪ. "ಕಾಯ್ತಾ ಇದ್ದೋ. ಅಯ್ನೋರೂ ಬಂದವ್ರೆ."

ಹೆಂಗಸರು ಎದ್ದರು. ಯಾರೋ ಅರಿಸಿನ ಕದಡಿದರು. ಮಾಲಿನಿಯ ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ಪುಟ್ಟಬಸಪ್ಪನ ಹೆಂಡತಿ ಕವರಿಗೆ ಕೈ ಚಾಚಿದಳು.

"ಬ್ಯಾಡ."

ಎಲ್ಲರೂ ತಿರುಗಿದರು. ಹುಳದ ಮನೆಯ ಬಾಗಿಲಲ್ಲಿ ಮಹಾಲಕ್ಷ್ಮಮ್ಮ ನಿಂತಿದ್ದಳು.

"ಏನ್ ಬ್ಯಾಡ?" ಅಂದ ಪುಟ್ಟಬಸಪ್ಪ.

"ಆ ಸೀರೆ ಬ್ಯಾಡ. ತಾಳಿ ಬ್ಯಾಡ. ಊ ಮುಡ್ಸಿ, ಅವ್ಳು ಮುಡೀತಿದ್ಲು. ಬಳೆ ತೊಡ್ಸಿ. ಇದೊಂದ್ ಬ್ಯಾಡ."

"ಅದ ಯೋಳಕೆ ನೀವ್ಯಾರಮ್ಮ?"

"ಯಾರೂ ಅಲ್ಲ ಕಣಪ್ಪ. ಅವ್ಳ ಜೊತೇಲಿ ಇಷ್ಟು ವರ್ಷ ಉಂಡೋಳು, ಅಷ್ಟೆ."

ಮಾಲಿನಿ ಎದ್ದು ಬಂದಳು. "ಅಮ್ಮ ಹಂಗೇನಾದ್ರೂ ಹೇಳಿದ್ರಾ ದೊಡ್ಡಮ್ಮ? ಸತ್ರೆ ಹಿಂಗ್ ಮಾಡಿ, ಹಂಗ್ ಮಾಡ್ಬೇಡಿ ಅಂತ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಮಹಾಲಕ್ಷ್ಮಮ್ಮನಿಗೆ ಸುಳ್ಳು ನಾಲಿಗೆ ತುದಿಗೆ ಬಂತು. ಸತ್ತವಳ ಮುಂದೆ ಆಡಲಾಗಲಿಲ್ಲ. "ಇಲ್ಲ ಕಣವ್ವ. ಸಾಯ್ತೀನಿ ಅಂತ ಅವ್ಳಿಗೇ ಗೊತ್ತಿರ್ನಿಲ್ಲ." ಆಮೇಲೆ ಗುರುಪಾದಸ್ವಾಮಿಯ ಕಡೆಗೆ ತಿರುಗಿದಳು. "ನೀವೇ ಯೋಳಿ ಸ್ವಾಮಿ. ಅವತ್ತು ನೀವು ಬಂದು ಕರೆದಾಗ ಏನಂದ್ಲು?"

"ಯಾವತ್ತು?" ಪುಟ್ಟಬಸಪ್ಪ ಭಾವನ ಮುಖ ನೋಡಿದ. "ಯಾವತ್ತು ಬಂದಿದ್ದೆ ನೀನು?"

* * *

ಅದು ತೊಂಬತ್ತೇಳರಲ್ಲಿ. ಎರಡನೆಯವಳು ಕಾಯಿಲೆಯಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಗುರುಪಾದಸ್ವಾಮಿ ಒಬ್ಬನೇ ಬಸ್ಸಿನಲ್ಲಿ ಬಂದು, ವಿಚಾರಿಸಿಕೊಂಡು, ಜಗಲಿಯ ಮೇಲೆ ಕೂತಿದ್ದ. ಶಿವರತ್ನಮ್ಮ ನೀರು ಕೊಟ್ಟಳು. ಊಟದ ಹೊತ್ತಾದ್ದರಿಂದ ಎಲೆ ಹಾಕಿದಳು. ಸಾರು ಬಡಿಸುವಾಗ ಮೇಲಿನ ತಿಳಿ ಬಗ್ಗಿಸಿ ಅವನಿಗೆ ಬೇಕಾದಂತೆ ಅಡಿಯ ಗಟ್ಟಿ ಬಡಿಸಿದ್ದನ್ನು ಮಹಾಲಕ್ಷ್ಮಮ್ಮ ಒಳಗಿನಿಂದ ನೋಡಿದಳು.

"ಮನೇಲಿ ಯಾರೂ ಇಲ್ಲ ರತ್ನ" ಅಂದ ಅವನು. "ಬಾ, ಓಗವ. ಯಾರೂ ಏನೂ ಅನ್ನಾಕಿಲ್ಲ."

"ಬರಾಕಿಲ್ಲ" ಅಂದಳು. "ಮಜ್ಜಿಗೆ ಆಕುಸ್ಕಳಿ. ಬಸ್ಸು ತಪ್ಪೋಯ್ತದೆ."

ಅವನು ಹೋದ ಮೇಲೆ ಆ ಲೋಟವನ್ನು ತುಂಬ ಹೊತ್ತು ತೊಳೆಯುತ್ತ ಕೂತಳು. ಮಹಾಲಕ್ಷ್ಮಮ್ಮ ಹತ್ತಿರ ಹೋಗಿ, "ಓಗ್ಬೌದಿತ್ತಲ್ಲ ರತ್ನಮ್ಮ. ವಯಸ್ಸಾಯ್ತು, ಒಂದ್ ಜೊತೆ" ಅಂದಳು.

"ಓಗ್ಬೇಕು ಅಂತ ಪ್ರಾಣ ಒಡ್ಕತಿತ್ತು ಅಕ್ಕ." ಅವಳು ಲೋಟವನ್ನು ಮತ್ತೆ ನೀರಿಗದ್ದಿದಳು. "ಬಾಯಿ ಬರಾಕಿಲ್ಲ ಅಂತಿತ್ತು, ಜೀವ ಅವನ ಇಂದಿಂದೇನೆ ಬಸ್ ಅತ್ಕತಿತ್ತು. ಅವ್ನು ಒಳ್ಳೇ ದನೀಲೇ ಕರೆದ. ಅದಕ್ಕೇ ಓಗ್ನಿಲ್ಲ. ಆ ದನಿ ನಂಬ್ಕಂಡು ಎರಡನೇ ಸಲ ಬಾಳಾಕೆ ನಂಗೆ ಶಕ್ತಿ ಇಲ್ಲ. ಇಲ್ಲೇ ಇರಾಕಾದ್ರೆ ಅದೆ."

ಆ ಬೆಳೆ ಮುಗಿಯುವವರೆಗೂ ಅವಳು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಸೊಪ್ಪು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ.

* * *

ಗುರುಪಾದಸ್ವಾಮಿ ಶರಟಿನ ಜೇಬಿಗೆ ಕೈ ಹಾಕಿ ಒಂದು ಕಾಗದದ ಪೊಟ್ಟಣ ತೆಗೆದ. ಬಿಡಿಸಿದಾಗ ಹಳೆಯ ತಾಳಿ, ಕರಿಮಣಿಯ ಸಮೇತ ಇತ್ತು. ಕೋರ್ಟಿನ ಜಗಲಿಯಲ್ಲಿ ಕೊಟ್ಟದ್ದೇ. ಅದನ್ನು ಅಂಗೈಯಲ್ಲಿ ನೋಡುತ್ತ ನಿಂತ.

"ಬರಾಕಿಲ್ಲ ಅಂದ್ಲು" ಅಂದ. "ಊಟಕ್ಕಿಕ್ಕಿ ಕಳಿಸಿದ್ಲು."

ಅವನು ಮತ್ತೆ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು, ಕವರನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಿಳಿದು ಹೋಗಿ ಬೀದಿಯ ಬೇವಿನ ಮರದ ಕೆಳಗೆ ನಿಂತ.

ಮಾಲಿನಿ ಅತ್ತೆಯ ಕಡೆ ನೋಡಲಿಲ್ಲ. "ಮಾವ, ನೀವು ತಂದಿರೋ ತೌರುಮನೆ ಸೀರೆ ಕೊಡಿ" ಅಂದಳು. ಪುಟ್ಟಬಸಪ್ಪ ಚೀಲದಿಂದ ಸೀರೆ ತೆಗೆಯಲು ಹೋಗಿ, ತಂಗಿಯ ಕಾಲ ಬಳಿ ಕುಸಿದು ಕೂತ. "ಒಂದ್ ಮೂಲೇಲಿ ಬಿದ್ದಿರು ಅಂದ್ನಲ್ಲವ್ವ ನಾನು" ಎಂದು ಅವಳ ಪಾದ ಹಿಡಿದು ಹುಡುಗನಂತೆ ಅತ್ತ. ಅವನ ಹೆಂಡತಿ ಸೀರೆ ಬಿಡಿಸಿದಳು.

ಸಂಜೆ ಬಿಸಿಲು ಇಳಿಯುವ ಮೊದಲು ಎತ್ತಿದರು. ಮಹಾಲಕ್ಷ್ಮಮ್ಮ ಎಲ್ಲರಿಗಿಂತ ಹಿಂದೆ ನಡೆದಳು. ಗುಂಡಿಯಲ್ಲಿ ಕೂರಿಸಿ, ಅಯ್ಯನವರು ಕೈಗೆ ಲಿಂಗ ಇಟ್ಟು ಮಂತ್ರ ಹೇಳಿ, ಪತ್ರೆ ವಿಭೂತಿ ಹಾಕಿಸಿದರು. ನೆಂಟರೆಲ್ಲ ಮಣ್ಣು ಹಾಕಿದ ಮೇಲೆ, "ಇನ್ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ಮಾಲಿನಿ ಹಿಂದಕ್ಕೆ ಬಂದು ಮಹಾಲಕ್ಷ್ಮಮ್ಮನ ಕೈ ಹಿಡಿದು ಮುಂದೆ ಕರೆದೊಯ್ದಳು. ಮುದುಕಿ ಒಂದು ಹಿಡಿ ಮಣ್ಣು ಹಾಕಿದಳು. ಇನ್ನೊಂದು ಹಿಡಿ ತೆಗೆದುಕೊಂಡವಳು ಹಾಕಲಾರದೆ ಹಾಗೇ ನಿಂತಿದ್ದಳು. ಅದು ಬೆರಳ ಸಂದಿಯಲ್ಲಿ ತಾನೇ ಸೋರಿತು.

ಮನೆಗೆ ಬಂದಾಗ ಮಾದಸ್ವಾಮಿ ದಂಪತಿ ಹುಳವನ್ನೆಲ್ಲ ಚಂದ್ರಿಕೆಗೆ ಬಿಟ್ಟು, ನೆಲ ಗುಡಿಸಿ, ಹೇಳದೆಯೇ ಹೋಗಿದ್ದರು. ಕುಂತೂರಿನ ಟೆಂಪೋ ಹೊರಟಿತು. ಮಾಲಿನಿಯ ಅತ್ತೆ ಕಾರು ಹತ್ತಿ, "ಬರ್ತೀಯಾ?" ಎಂದು ಕೇಳಿದಳು. ಮಾಲಿನಿ, "ಇವತ್ತು ಇಲ್ಲೇ ಇರ್ತೀನಿ" ಅಂದಳು. ಇಷ್ಟು ವರ್ಷದಲ್ಲಿ ಈ ಮನೆಗೆ ನಾಲ್ಕೈದು ಸಲ ಬಂದಿದ್ದಳು, ಒಂದು ಸಲವೂ ಉಳಿದವಳಲ್ಲ.

ಮಹಾಲಕ್ಷ್ಮಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ಅನ್ನಕ್ಕಿಟ್ಟಳು. ಪಡಸಾಲೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಮಾಲಿನಿ ನಿಂತೇ ಇದ್ದಳು.

"ಅಮ್ಮ ಸಂಜೆ ಹೊತ್ತು ಎಲ್ಲಿ ಕೂರ್ತಿದ್ರು ದೊಡ್ಡಮ್ಮ?"

ಮಹಾಲಕ್ಷ್ಮಮ್ಮ ಬಾಗಿಲ ಬಲಗಡೆ, ಗೋಡೆಯ ಪಕ್ಕ ತೋರಿಸಿದಳು. ಅಲ್ಲಿ ಸುಣ್ಣ ಸವೆದು, ಬೆನ್ನು ಒರಗುವಷ್ಟು ಜಾಗ ನುಣ್ಣಗಾಗಿತ್ತು. "ಸೊಪ್ಪು ಆಕಿ ಬಂದು ಇಲ್ಲೇ ಕೂರೋಳು. ನಾನು ಒಳಗೆ ಗಾಳಿ ಅದೆ ಬಾ ಅಂದ್ರೂ ಬರ್ತಿರ್ನಿಲ್ಲ."

ಮಾಲಿನಿ ಅಲ್ಲಿ ಕೂತು ಗೋಡೆಗೆ ಒರಗಿದಳು. ಅಲ್ಲಿಂದ ತೆರೆದ ಬಾಗಿಲಲ್ಲಿ ರಸ್ತೆ ನೇರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ 'ಕೊಳ್ಳೇಗಾಲ-ಹನೂರು' ಎಂದು ಬೋರ್ಡು ಹಾಕಿದ ಬಸ್ಸು ಬಂದು, ರಸ್ತೆಯಾಚೆ ಅಂಗಡಿಯ ಮುಂದೆ ನಿಂತಿತು. ಬುಟ್ಟಿ ಹಿಡಿದ ಒಬ್ಬಳು ಇಳಿದಳು. ಆಮೇಲೆ ಇಬ್ಬರು ಗಂಡಸರು. ಆಮೇಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಒಬ್ಬ ಹೆಂಗಸು, ಸೆರಗು ಸರಿಮಾಡಿಕೊಳ್ಳುತ್ತ ಈ ಕಡೆಗೆ ತಿರುಗಿ, ಮತ್ತೆ ಆ ಕಡೆಗೆ ನಡೆದಳು. ಇಳಿದವರ ಒಬ್ಬೊಬ್ಬರ ಮುಖವೂ ಬಾಗಿಲಿಂದ ಕಾಣುತ್ತಿತ್ತು. ಬಸ್ಸು ಹೊರಟು, ಅದರ ಧೂಳು ಅಡಗುವವರೆಗೂ ಮಾಲಿನಿ ಕತ್ತು ಚಾಚಿ ನೋಡುತ್ತಲೇ ಇದ್ದಳು.